ಅವರನ್ನ ಬಿಡಿ

ಕಚೇರಿಯಲ್ಲಿ ಎಲ್ಲರೂ ಅವಳನ್ನು ಹಸಿರಕ್ಕ ಎಂದೇ ಕರೆಯುತ್ತಿದ್ದರು. ಸಲಹೆ ಮಾರುವುದು ಆ ಕಚೇರಿಯ ಕಸುಬು. ಯಾವ ಕಾರ್ಖಾನೆ ಹೇಗೆ ನಡೆಯಬೇಕು, ಯಾವ ಆಸ್ಪತ್ರೆ ಎಲ್ಲಿ ಖರ್ಚು ಕಡಿಮೆ ಮಾಡಬೇಕು ಎಂದು ವರದಿ ಬರೆದುಕೊಡುತ್ತಿದ್ದರು. ಈಗ ಬರೆಯುವುದೆಲ್ಲ ಎಐ. ಮನುಷ್ಯರದ್ದು ಓದಿ ಒಪ್ಪಿಗೆ ಕೊಡುವ ಕೆಲಸ. ಒಪ್ಪಿಗೆ ಒತ್ತಿದ ಕೂಡಲೇ ಗೋಡೆಯ ದೊಡ್ಡ ಪರದೆಯಲ್ಲಿ ಒತ್ತಿದವರ ಹೆಸರಿನ ಮುಂದೆ ಹಸಿರು ಚುಕ್ಕೆ ಬೀಳುತ್ತಿತ್ತು. ಇವಳ ಸಾಲು ಎಲ್ಲರಿಗಿಂತ ಮೊದಲು ಹಸಿರಾಗುತ್ತಿತ್ತು. ಮ್ಯಾನೇಜರ್ ಆ ಸಾಲನ್ನು ಹೊಸಬರಿಗೆ ತೋರಿಸಿ, “ನೋಡಿ ಕಲೀರಿ” ಎನ್ನುತ್ತಿದ್ದರು. ಅವಳಿಗೆ ಒಳಗೊಳಗೇ ಹಿಗ್ಗು.

ಆಸ್ಪತ್ರೆಯ ವರದಿಗೆ ಒಪ್ಪಿಗೆ ಕೊಟ್ಟದ್ದೂ ಹಾಗೆಯೇ. ಮೊದಲ ಪುಟದಲ್ಲಿ ಆಸ್ಪತ್ರೆಯ ಹೆಸರು ಕಂಡಾಗ, ಅರೆ, ನಮ್ಮ ನಾದಿನಿ ಕೆಲಸ ಮಾಡುವ ಜಾಗ, ಇದನ್ನು ಸರಿಯಾಗಿ ಓದಬೇಕು ಎಂದುಕೊಂಡಳು. ಅಷ್ಟರಲ್ಲಿ ಇನ್ನೊಂದು ವರದಿ ಬಂದು ಕೂತಿತು. ನಾಲ್ಕಾರು ಪುಟ ಸರಿಸಿ, ಭಾಷೆ ಚೆನ್ನಾಗಿದೆ ಎಂದುಕೊಂಡು ಒತ್ತಿಬಿಟ್ಟಳು.

ಅದರ ಬಿಸಿ ಮನೆಗೆ ಬಂದದ್ದು ತಿಂಗಳು ಕಳೆದ ಮೇಲೆ. ಸೋಪಿನ ನೀರಿನಲ್ಲಿ ಬೆರಳೆಲ್ಲ ಬಿಳುಚಿಕೊಂಡ ನಾದಿನಿ ಚೀಲವನ್ನು ಕುರ್ಚಿಗೆ ಎಸೆದು, “ಅತ್ತಿಗೆ, ಕೇಳಿದ್ಯಾ? ನಮ್ಮ ಇಡೀ ಲಾಂಡ್ರಿಗೆ ಗೇಟು ತೋರಿಸ್ತಾರಂತೆ. ಗುತ್ತಿಗೆಯವರು ಬರ್ತಾರಂತೆ” ಎಂದಳು.

“ಅಂಥಾ ತಪ್ಪೇನು ಮಾಡಿದ್ರೇ?” ಅತ್ತೆ ಒಳಗಿನಿಂದಲೇ ಕೇಳಿದರು.

“ಬಟ್ಟೆ ಜಾಸ್ತಿ ಬೆಳ್ಳಗೆ ಒಗೆದ್ವಿ ಅಂತ ಕಾಣತ್ತಮ್ಮಾ.” ನಕ್ಕವಳ ದನಿ ಒಡೆಯಿತು. “ಹಳೇ ಸೂಪರಿಂಟೆಂಡೆಂಟೇ ಹೇಳಿದ್ರಂತೆ, ವರದೀಲಿದೆಯಂತೆ. ಪಾಪ, ಆ ಮನುಷ್ಯ ಸತ್ತು ಎರಡು ತಿಂಗಳಾಗಿಲ್ಲ, ಬಾಯಿಗೆ ಸುಳ್ಳು ತುರುಕಿದಾರೆ. ಆವತ್ತು ವರದಿಯವರು ಬಂದು ಅವರನ್ನ ಮಾತಾಡಿಸ್ತಿದ್ದಾಗ ಬೆಡ್‌ಶೀಟ್ ಹೊತ್ಕೊಂಡು ನಾನು ಬಾಗಿಲಲ್ಲೇ ಇದ್ದೆ. ‘ಲಾಂಡ್ರಿಯವರನ್ನ ಬಿಡಿ, ಬೇರೆ ಕಡೆ ನೋಡಿ’ ಅಂದ್ರು. ಅವರ ತಂಟೆಗೆ ಹೋಗಬೇಡಿ ಅಂತ. ಎಳೇ ಮಗೂಗೂ ತಿಳಿಯತ್ತೆ!”

ಹಸಿರಕ್ಕನಿಗೆ ತಾನು ಪುಟ ಸರಿಸಿ ಒತ್ತಿದ್ದು ನೆನಪಾಯಿತು. ನಾದಿನಿ ಅವಳನ್ನೇ ನೋಡಿ, “ನೀನು ಅಂಥದ್ದೇ ಆಫೀಸಲ್ಲಿರೋದು ತಾನೆ? ಇದನ್ನೆಲ್ಲ ಯಾರೂ ಓದಲ್ವಾ?” ಎಂದಳು.

“ವಿಚಾರಿಸ್ತೀನಿ” ಎಂದಷ್ಟೇ ಹೇಳಿ ಅವಳು ಮುಖ ತಿರುಗಿಸಿದಳು.

ಮರುದಿನ ಕಚೇರಿಯಲ್ಲಿ ವರದಿ ತೆರೆದು ಲಾಂಡ್ರಿಯ ಪುಟಕ್ಕೆ ಹೋದಳು. ‘ಲಾಂಡ್ರಿ ಸಿಬ್ಬಂದಿಯನ್ನು ಬಿಡುಗಡೆ ಮಾಡಬಹುದೆಂದು ಸ್ವತಃ ಸೂಪರಿಂಟೆಂಡೆಂಟರೇ ಸೂಚಿಸಿದ್ದಾರೆ.’ ಎಷ್ಟು ನಯವಾದ ವಾಕ್ಯ! ವರದಿಗಾಗಿ ಅವರನ್ನು ಮಾತಾಡಿಸಿದಾಗಿನ ರೆಕಾರ್ಡಿಂಗ್ ಹುಡುಕಿ ಕಿವಿಗೆ ಹಚ್ಚಿಕೊಂಡಳು. ಮುದುಕನ ರೇಗಿದ ದನಿ: “ಅಯ್ಯೋ, ಲಾಂಡ್ರಿಯವರನ್ನ ಬಿಡಿ ಸಾರ್! ಬೇರೆ ಕಡೆ ನೋಡಿ.” ಯಂತ್ರಕ್ಕೆ ಸಿಕ್ಕಿದ್ದು ಅಕ್ಷರವಷ್ಟೇ, ಆ ರೇಗು ಸಿಕ್ಕಿರಲಿಲ್ಲ. ಇವಳಿಗೆ ಎರಡೂ ಸಿಗಬಹುದಿತ್ತು. ಹುಟ್ಟಿದಾಗಿನಿಂದ ಈ ಮಾತಿನಲ್ಲೇ ಬೈಸಿಕೊಂಡು, ಮುದ್ದಿಸಿಕೊಂಡು ಬೆಳೆದವಳು. ಒಂದೇ ಒಂದು ಸಲ ಕೇಳಿದ್ದರೆ ಸಾಕಿತ್ತು.

ಮ್ಯಾನೇಜರ್ ಬಳಿ ಹೋಗಿ ಎಲ್ಲ ಹೇಳಿದಳು.

“ಬಿಡಿ ಅಂದ್ರೆ ತೆಗೆದುಹಾಕಿ ಅಂತಾನೂ ಆಗತ್ತಲ್ಲ?”

“ದನಿ ಕೇಳಿದ್ರೆ ಹಾಗಾಗಲ್ಲ ಸಾರ್.”

“ಒಪ್ಪಿಗೆ ಕೊಡೋ ಮೊದಲು ನೀನು ಕೇಳಿದ್ಯಾ?”

ಅವರು ತಮ್ಮ ಪರದೆಯನ್ನು ಅವಳ ಕಡೆ ತಿರುಗಿಸಿದರು. ಒಪ್ಪಿಗೆ ಒತ್ತುವ ಮೊದಲು ಒಂದೊಂದು ಪುಟವನ್ನೂ ಅವಳು ಎಷ್ಟು ಹೊತ್ತು ತೆರೆದಿಟ್ಟಿದ್ದಳು ಎಂಬುದು ಅಲ್ಲಿತ್ತು. ಲಾಂಡ್ರಿಯ ಪುಟದ ಮುಂದೆ ಸೊನ್ನೆ.

“ಇದು ನಿಮಗೆ ಮೊದಲೇ ಕಾಣ್ತಿತ್ತಾ?”

“ಕಾಣ್ತಿತ್ತು.”

“ಮತ್ಯಾಕೆ ಕೇಳಲಿಲ್ಲ?”

“ಹಸಿರು ಬಂದಿತ್ತಲ್ಲಮ್ಮ. ಮನುಷ್ಯರು ಒಪ್ಪಿದಾರಾ ಅಂತ ಗ್ರಾಹಕರು ಕೇಳ್ತಾರೆ. ಓದಿದಾರಾ ಅಂತ ಇದುವರೆಗೆ ಒಬ್ಬರೂ ಕೇಳಿಲ್ಲ.” ಅವರು ದನಿ ತಗ್ಗಿಸಿದರು. “ಈಗ ಕೆದಕಿದ್ರೆ ಯಂತ್ರದ ಕೆಲಸ ಹೋಗಲ್ಲ, ನಿಂದು ಹೋಗತ್ತೆ. ಸುಮ್ಮನೆ ಬಿಟ್ಟುಬಿಡು.”

ಯಂತ್ರ ಎಡವದಿರಲಿ ಎಂದು ತನ್ನನ್ನು ಆ ಕುರ್ಚಿಯಲ್ಲಿ ಕೂರಿಸಿದ್ದಾರೆ ಎಂದೇ ಅವಳು ನಂಬಿದ್ದಳು. ಎಡವಿದಾಗ ಹಿಡಿಯಲು ಒಂದು ಕೊರಳು ಬೇಕಲ್ಲ, ಕೂರಿಸಿದ್ದು ಅದಕ್ಕೆ. ಧಣಿಗಳ ಲೆಕ್ಕಾಚಾರ ಹೊಸದೇನಲ್ಲ, ಪರದೆ ಮಾತ್ರ ಹೊಸದು. ಸಿಟ್ಟು ನೆತ್ತಿಗೇರಿತು, ಏರಿದಷ್ಟೇ ಬೇಗ ಇಳಿದೂ ಹೋಯಿತು. ಆ ಪುಟವನ್ನು ತೆರೆಯಬೇಡ ಎಂದು ಅವಳ ಕೈಯನ್ನು ಯಾರೂ ಹಿಡಿದಿರಲಿಲ್ಲ. ತನ್ನ ಜಾಗಕ್ಕೆ ಮರಳಿ, ರೆಕಾರ್ಡಿಂಗನ್ನು ಫೋನಿಗೆ ಇಳಿಸಿಕೊಂಡಳು.

ಸಂಜೆ ಮಹಡಿಯ ಮೇಲೆ ನಾದಿನಿ ಬಟ್ಟೆ ಹರವುತ್ತಿದ್ದಳು.

“ಆ ವರದಿಗೆ ಒಪ್ಪಿಗೆ ಕೊಟ್ಟೋಳು ನಾನೇ ಕಣೆ.”

ನಾದಿನಿ ಒದ್ದೆ ಬಟ್ಟೆ ಹಿಡಿದುಕೊಂಡೇ ನಿಂತಳು. “ತಪ್ಪಾಗಿ ಓದಿದ್ಯಾ?”

“ಓದಲೇ ಇಲ್ಲ.”

ಬಟ್ಟೆಯಿಂದ ನೀರು ತೊಟ್ಟಿಕ್ಕಿ ಅವಳ ಕಾಲು ನೆನೆಯುತ್ತಿತ್ತು. “ತಪ್ಪಾಗಿ ಓದಿದ್ರೆ ಹೇಗೋ ನುಂಗ್ಕೋತಿದ್ದೆ. ಮನುಷ್ಯರು ಅಂದ್ಮೇಲೆ ತಪ್ಪಾಗತ್ತೆ. ನಾವು ನಿಮಗೆ ಓದೋಕೂ ಲಾಯಕ್ಕಿಲ್ಲದೋರಾ?” ಇಷ್ಟು ವರ್ಷದ ‘ನೀನು’ ಎಲ್ಲಿ ಹೋಯಿತೋ, ‘ನೀವು’ ಬಂದು ನಿಂತಿತ್ತು. “ನಾಳೆ ಆಸ್ಪತ್ರೆ ಆಡಳಿತ ಮಂಡಳಿ ಸೇರತ್ತೆ. ಅವರ ಮುಂದೆ ಇದನ್ನೇ ಹೇಳ್ತೀರಾ? ಇಲ್ಲಾ ಇಲ್ಲೇ ನನ್ನ ಹತ್ರ ಅತ್ತು ಹಗುರ ಆಗೋಕೆ ಬಂದ್ರಾ?”

“ಹೇಳ್ತೀನಿ.”

ಮಂಡಳಿಯ ಕೋಣೆಯಲ್ಲಿ ಉದ್ದನೆಯ ಮೇಜು, ಅದರ ಸುತ್ತ ಇಸ್ತ್ರಿ ಮಾಡಿದ ಅಂಗಿಗಳು. ಗೋಡೆಗೆ ಒತ್ತಿಕೊಂಡು ಲಾಂಡ್ರಿಯ ಹೆಂಗಸರು. ಅವಳು ತಾನು ಯಾರೆಂದು ಹೇಳಿ ಫೋನನ್ನು ಮೇಜಿನ ಮೇಲಿಟ್ಟಳು. ಸತ್ತ ಮನುಷ್ಯ ರೇಗಿದ. ಗೋಡೆಯ ಕಡೆಯಿಂದ, “ಅವರೇ, ಅವರದ್ದೇ ದನಿ!” ಎಂದು ಯಾರೋ ಬಿಕ್ಕಿದರು. ಮೇಜಿನ ಸುತ್ತ ಕೂತವರಿಗೂ ಅರ್ಥ ಬಿಡಿಸಿ ಹೇಳಬೇಕಾಗಲಿಲ್ಲ.

“ಆದ್ರೆ ಮನುಷ್ಯರು ಓದಿ ಒಪ್ಪಿದಾರೆ ಅಂತ ಪ್ರಮಾಣಪತ್ರ ಕೊಟ್ಟಿದೀರಲ್ರೀ?” ಅಧ್ಯಕ್ಷರು ಕೇಳಿದರು.

“ಆ ಮನುಷ್ಯಳು ನಾನೇ. ಓದದೆ ಒಪ್ಪಿದ್ದು.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಸರಿ, ಲಾಂಡ್ರಿ ವಿಷಯ ಕೈಬಿಡೋಣ. ಆ ಪುಟ ತೆಗೀರಿ.” ಹೆಂಗಸರ ಉಸಿರು ಒಟ್ಟಿಗೇ ಇಳಿಯಿತು. ಅಧ್ಯಕ್ಷರು ವರದಿಯ ಕಟ್ಟನ್ನು ಬೆರಳಲ್ಲಿ ತಟ್ಟಿದರು. “ಉಳಿದ ಪುಟ? ಅಡುಗೆಮನೆಯವರು, ಕಾವಲಿನವರು, ಇವರದ್ದೆಲ್ಲ?”

ನಾಲಿಗೆಯ ತುದಿಗೆ ಬಂದದ್ದು ‘ಅವು ಸರಿಯಾಗಿವೆ’ ಎಂಬ ಮಾತು. ಹೇಳಿದ್ದರೆ ನಂಬುತ್ತಿದ್ದರು.

“ಅವನ್ನೂ ಓದಿಲ್ಲ.”

ಯಾರೋ ಛೇ ಎಂದರು, ಇನ್ಯಾರೋ ನಕ್ಕರು. ಫೋನು ಮೇಜಿನ ಮೇಲೆ ನಡುಗಿತು. ಪರದೆಯ ಮೇಲೆ ಮ್ಯಾನೇಜರ್ ಹೆಸರು. ಯಾಕೆಂದು ಅವಳಿಗೆ ಗೊತ್ತಿತ್ತು, ಎತ್ತಲಿಲ್ಲ.

“ನಮ್ಮ ಕಚೇರಿಯಲ್ಲಿ ಇವತ್ತಿಗೆ ನನ್ನ ಕುರ್ಚಿ ಹೋಯ್ತು. ಇಲ್ಲಿ ಒಂದು ಕುರ್ಚಿ ಕೊಟ್ರೆ ಕೂತು ಓದ್ತೀನಿ. ರೆಕಾರ್ಡಿಂಗೂ ಪೂರ್ತಿ ಕೇಳ್ತೀನಿ.”

ಯಾರೂ ಎದ್ದು ಕುರ್ಚಿ ಎಳೆಯಲಿಲ್ಲ. ನಾದಿನಿ ಪಾಳಿಗೆ ಹೊತ್ತಾಯಿತೆಂದು ಅವಳತ್ತ ತಿರುಗಿಯೂ ನೋಡದೆ ಹೊರಟಳು. ಉಳಿದ ಹೆಂಗಸರೂ ಹಿಂದೆಯೇ ಹೋದರು. ಹಸಿರಕ್ಕ ಕಟ್ಟನ್ನು ಹತ್ತಿರಕ್ಕೆಳೆದುಕೊಂಡು, ನಿಂತುಕೊಂಡೇ ಅಡುಗೆಮನೆಯ ಪುಟ ತೆರೆದಳು. ಮೊದಲ ಸಾಲಿನಲ್ಲೇ ಬೆರಳಿಟ್ಟು, ಎಳೆಯ ಮಕ್ಕಳು ಓದುವ ಹಾಗೆ, ತುಟಿಯಲ್ಲಾಡಿಸುತ್ತ ಓದತೊಡಗಿದಳು.