ವಾಸಪ್ಪಣ್ಣನ ತಲೆಗೊಂದು ಮುಟ್ಟಾಳೆ

ಒಂದು ಊರಿನಲ್ಲಿ ಒಂದು ತಲೆ ಇತ್ತಂತೆ. ಆ ತಲೆಗೆ ಹೊಂದುವ ಟೊಪ್ಪಿ ಮೂರು ಲೋಕ ಹುಡುಕಿದರೂ ಇರಲಿಲ್ಲವಂತೆ. ರಾಜನ ತಲೆಯಾಗಿದ್ದರೆ ಅಕ್ಕಸಾಲಿಗನನ್ನು ಕರೆಸಿ ಕಿರೀಟ ಮಾಡಿಸಿಕೊಳ್ಳುತ್ತಿತ್ತು. ರಾಕ್ಷಸನ ತಲೆಯಾಗಿದ್ದರೆ ಟೊಪ್ಪಿಯ ಗೊಡವೆಯೇ ಇರುತ್ತಿರಲಿಲ್ಲ. ಆದರೆ ಇದು ಬಂದ್ಯೋಡು ಪೇಟೆಯಲ್ಲಿ ಲಾರಿಯಿಂದ ಸಿಮೆಂಟು ಮೂಟೆ ಇಳಿಸುವ ವಾಸಪ್ಪಣ್ಣನ ತಲೆ. ಬಿಸಿಲಿಗೆ ಕಾಯುತ್ತಿತ್ತು, ಧೂಳಿಗೆ ತುರಿಸುತ್ತಿತ್ತು. ಮದುವೆಯ ದಿನ ಪೇಟ ಸುತ್ತಲು ಎರಡು ಶಾಲು ಗಂಟು ಹಾಕಬೇಕಾಯಿತೆಂದು ಈಗಲೂ ಊರಿನಲ್ಲಿ ನಗುತ್ತಾರೆ.

ಆ ಕಾಲದಲ್ಲಿಯೇ, ಅಂದರೆ ಕಳೆದ ಓಣಂ ಸಮಯದಲ್ಲಿ, ವರ್ಕಾಡಿಯಲ್ಲಿ ತುಂಗಾ ಎಂಬವಳಿದ್ದಳು. ಅಡಿಕೆ ಹಾಳೆಯನ್ನು ನೀರಿನಲ್ಲಿ ನೆನೆಸಿ, ಮಡಚಿ, ನಾರಿನಿಂದ ಹೊಲಿದು ಮುಟ್ಟಾಳೆ ಟೊಪ್ಪಿ ಮಾಡುವುದರಲ್ಲಿ ಅವಳ ಕೈಗೆ ಸಮನಾದ ಕೈ ಸುತ್ತಮುತ್ತ ಇರಲಿಲ್ಲ. ವಿದ್ಯೆ ಕಲಿಸಿದವಳು ಅತ್ತೆ ಅಕ್ಕು. ಈಗ ಕಣ್ಣು ಮಂಜಾಗಿ ಹೊಲಿಗೆ ಬಿಟ್ಟಿದ್ದರೂ ಗಿರಾಕಿಯ ತಲೆಗೆ ದಾರ ಸುತ್ತಿ ಅಳತೆ ಹಿಡಿಯುವ ಅಧಿಕಾರವನ್ನು ಅವಳು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಗಂಡ ಯೋಗೀಶ ವರ್ಕಾಡಿ–ಹೊಸಂಗಡಿ ದಾರಿಯಲ್ಲಿ ಜೀಪು ಓಡಿಸುತ್ತಿದ್ದ. ಜನ ತುಂಬುವವರೆಗೆ ಸುಮ್ಮನೆ ಕೂರದೆ ಸ್ಟಿಯರಿಂಗಿಗೆ ಮೊಣಕೈ ಊರಿ ತೆಂಗಿನ ಚಿಪ್ಪನ್ನು ಉಜ್ಜಿ ಉಜ್ಜಿ ಸವುಟು ಮಾಡುತ್ತಿದ್ದ. ಎಂಟನೇ ಕ್ಲಾಸಿನ ಮಗಳು ಮೋಕ್ಷಿತಾ ಹಾಳೆಯ ಬೀಸಣಿಗೆಗಳಿಗೆ ಬಣ್ಣದ ಹಕ್ಕಿ ಬರೆಯುತ್ತಿದ್ದಳು. ಎಲ್ಲಿ ಮಾರಾಟ ಮೇಳವಿದ್ದರೂ ನಾಲ್ವರೂ ಬುತ್ತಿ ಕಟ್ಟಿಕೊಂಡು ಜೀಪು ಹತ್ತಿದರೆ ಮುಗಿಯಿತು, ಅದೇ ಅವರ ಪ್ರವಾಸ.

ಅಂಗಡಿಗೆ ಬೋರ್ಡು ಬರೆದವಳೂ ಮೋಕ್ಷಿತಾಳೇ. ‘ಯಾವ ತಲೆಗೂ ಮುಟ್ಟಾಳೆ ಉಂಟು!’ ಎಂದು ಬರೆಯಲು ಅಮ್ಮ ಹೇಳಿದ್ದಳು. ಬರೆದ ಮೇಲೂ ಕೆಳಗೆ ಜಾಗ ಉಳಿಯಿತು. ಡಬ್ಬದಲ್ಲಿ ಕೆಂಪು ಬಣ್ಣವೂ ಉಳಿದಿತ್ತು. ‘ಹೊಂದದಿದ್ದರೆ ಅಂಗಡಿ ಬಂದ್!’ ಎಂದು ಅವಳೇ ಸೇರಿಸಿದಳು.

ಬಂದ್ಯೋಡಿನಲ್ಲಿ ನಡೆದ ಕುಟುಂಬಶ್ರೀ ಮಹಿಳಾ ಸಂಘದವರ ಓಣಂ ಮೇಳಕ್ಕೆ ಆ ಬೋರ್ಡು ಕಟ್ಟಿದರು. ಒಂದು ಬದಿಯಲ್ಲಿ ನೇಂದ್ರ ಬಾಳೆಯ ಚಿಪ್ಸಿನವರು, ಇನ್ನೊಂದು ಬದಿಯಲ್ಲಿ ಉಪ್ಪಿನಕಾಯಿಯವರು, ನಡುವೆ ಇವರು. ಮಧ್ಯಾಹ್ನದ ಚಹಾಕ್ಕೆ ಬಂದ ಹೊರೆಯಾಳುಗಳು ಆ ಕೆಂಪು ಸಾಲು ಓದಿದವರೇ ವಾಸಪ್ಪಣ್ಣನನ್ನು ದೂಡಿಕೊಂಡೇ ಬಂದರು. ಹರಕೆಗೆ ಮುಡಿ ಕೊಟ್ಟು ವಾರವಾಗಿರಲಿಲ್ಲ. ತಲೆ ಕಂಚಿನ ಚರಿಗೆಯ ಹಾಗೆ ಹೊಳೆಯುತ್ತಿತ್ತು.

ತುಂಗಾ ಇದ್ದದ್ದರಲ್ಲಿ ದೊಡ್ಡದನ್ನು ಇಟ್ಟು ನೋಡಿದಳು. ನೆತ್ತಿಯ ಮೇಲೆ ಇಡ್ಲಿ ಇಟ್ಟ ಹಾಗಾಯಿತು.

“ವಾಸಪ್ಪ, ನಿಂಗೆ ಹಾಳೆ ಸಾಲದು, ತೋಟವೇ ಬೇಕು!” ಎಂದನೊಬ್ಬ.

“ಕಡಪ್ಪುರದ ಕಡಲತಡಿಗೆ ಹೋಗಿ ಒಂದು ದೋಣಿ ಕವುಚಿ ಹಾಕು ಮಾರಾಯ!” ಎಂದನು ಇನ್ನೊಬ್ಬ.

“ಬೋರ್ಡು ನೋಡಿ ಅಕ್ಕ, ಅಂಗಡಿ ಬಂದ್!”

ಮೋಕ್ಷಿತಾ ಬೀಸಣಿಗೆಯ ಹಿಂದೆ ಮುಖ ಮುಚ್ಚಿಕೊಂಡಳು. ವಾಸಪ್ಪಣ್ಣ ಮಾತ್ರ ನಗಲಿಲ್ಲ. “ಬಿಡಿ ತುಂಗಕ್ಕ, ಮಗು ಬರೆದದ್ದು. ನಂದು ತಲೆಯಲ್ಲ, ಕಗ್ಗಲ್ಲು. ನಂಗೆ ಅಭ್ಯಾಸ ಉಂಟು,” ಎಂದ.

“ಬರೆದದ್ದು ಮಗು. ಕಟ್ಟಿದ್ದು ನಾನಲ್ವಾ?” ಎಂದು ತುಂಗಾ ಎದ್ದು ನಿಂತಳು. “ವಾಸಪ್ಪಣ್ಣ, ನಿಮ್ಮ ತಲೆಗೆ ಮುಟ್ಟಾಳೆ ಇಡದೆ ನಾನು ಬೇರೆ ಯಾವ ತಲೆಗೂ ಮುಟ್ಟಾಳೆ ಮಾರುವುದಿಲ್ಲ.” ಅಷ್ಟು ಹೇಳಿ, ನೇತು ಹಾಕಿದ್ದ ಮುಟ್ಟಾಳೆಗಳನ್ನೆಲ್ಲ ಒಂದೊಂದಾಗಿ ಇಳಿಸಿ ಗೋಣಿಗೆ ತುಂಬಿಸಿದಳು. ಚಹಾದ ಗ್ಲಾಸು ಹಿಡಿದವರ ನಗು ಅಲ್ಲಿಗೇ ನಿಂತಿತು.

ಅಕ್ಕು ದಾರ ತೆಗೆದು ಬೋಳು ತಲೆಗೆ ಸುತ್ತಿ ಗಂಟು ಹಾಕಿಕೊಂಡಳು. ಯೋಗೀಶ ಹೆಂಡತಿಯ ಕಿವಿಯ ಹತ್ತಿರ ಬಂದು, “ಎಂತ ಮಾರಾಯ್ತಿ ಇದು, ಭೀಷ್ಮ ಪ್ರತಿಜ್ಞೆಯಾ? ಮುಂದೆ ಎಷ್ಟು ಮೇಳ ಉಂಟು ಗೊತ್ತುಂಟಾ?” ಎಂದ.

“ಗೊತ್ತುಂಟು. ಮಾರಲಿಕ್ಕೆ ನಿಮ್ಮ ಸವುಟು ಉಂಟಲ್ಲ,” ಎಂದಳು ಅವಳು.

ಒಂದು ಹಾಳೆಗೆ ಒಂದೇ ಮುಟ್ಟಾಳೆ, ಅದು ಆ ಮನೆಯ ಕಟ್ಟಳೆ. ಎರಡು ಹಾಳೆ ಜೋಡಿಸಿ ಹೊಲಿದದ್ದು ಮೊದಲ ಮಳೆಗೇ ಬಾಯಿ ಬಿಡುತ್ತದೆ ಎನ್ನುತ್ತಿದ್ದಳು ಅಕ್ಕು. ಹಾಗಾಗಿ ಬೇಕಾದದ್ದು ವಾಸಪ್ಪಣ್ಣನ ತಲೆಯನ್ನು ಪೂರ್ತಿ ತಬ್ಬಿಕೊಳ್ಳುವಷ್ಟು ಅಗಲದ ಒಂದೇ ಒಂದು ಹಾಳೆ. ಮಳೆ ಮುಗಿಯದ ಆ ದಿನಗಳಲ್ಲಿ ಬಿದ್ದ ಹಾಳೆಗಳೆಲ್ಲ ಬೂಷ್ಟು ಹಿಡಿದಿರುತ್ತಿದ್ದವು. ಅಟ್ಟದ ಮೇಲೆ ಬೇಸಗೆಯಿಂದ ಒಟ್ಟಿಟ್ಟ ಹಾಳೆಗಳಲ್ಲಿ ಒಂದೂ ಅಳತೆಗೆ ಬರಲಿಲ್ಲ.

ಯೋಗೀಶ ತನ್ನ ಜೀಪು ಹತ್ತಿದವರಿಗೆಲ್ಲ ತಲೆಯ ಕಥೆ ಹೇಳಿದ. ಕಥೆ ಜೀಪಿನಿಂದ ಬಸ್ಸಿಗೆ ಹತ್ತಿತು, ಬಸ್ಸಿನಿಂದ ಇಳಿದು ಎಲ್ಲೆಲ್ಲಿಗೋ ಹೋಯಿತು. ಹೊಸಂಗಡಿಯ ಮೇಳಕ್ಕೆ ಬಂದ ಅಮೂಲ್ಯಾ ಟೀಚರು ಶಾಲೆಯ ವಾರ್ಷಿಕೋತ್ಸವದ ಕುಣಿತಕ್ಕೆ ನಲವತ್ತು ಮುಟ್ಟಾಳೆ ಬೇಕೆಂದರು. ತುಂಗಾ ಕೈ ಮುಗಿದು ಕಾರಣ ಹೇಳಿದಳು.

“ಅಯ್ಯೋ, ಒಂದು ತಲೆಗೋಸ್ಕರ ನಲವತ್ತು ತಲೆ ಬಿಡುವುದಾ?” ಟೀಚರಿಗೆ ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ. “ನವೆಂಬರ್ ಕೊನೆಯವರೆಗೆ ಕಾಯ್ತೇನೆ. ಮತ್ತೆ ರಟ್ಟಿನದ್ದು ತರಿಸುವುದೇ.”

ಆ ದಿನ ಮೋಕ್ಷಿತಾಳಿಗೆ ಊಟ ಇಳಿಯಲಿಲ್ಲ. ಅಮ್ಮ ಬೈದಿದ್ದರೆ ಆಗುತ್ತಿತ್ತು. ಅಮ್ಮ ಬೈಯಲಿಲ್ಲ, ಬೀಸಣಿಗೆಯ ಅಂಚು ಹೊಲಿಯುತ್ತ ಏನೋ ಗುನುಗುತ್ತಿದ್ದಳು.

ಅಕ್ಟೋಬರಿನಲ್ಲಿ ಅಡೂರಿನಿಂದ ಸುದ್ದಿ ಬಂತು. ಕೇಶವಪ್ರಸಾದ ಎಂಬವರ ತೋಟದ ಹಳೆಯ ಮರವೊಂದರಿಂದ ಭಾರೀ ಹಾಳೆ ಬಿದ್ದಿದೆ, ಕಥೆ ಕೇಳಿ ತೆಗೆದಿಟ್ಟಿದ್ದೇವೆ ಎಂದು. ಭಾನುವಾರ ನಾಲ್ವರೂ ಹೊರಟರು. ಅಲ್ಲಿ ಮಜ್ಜಿಗೆಹುಳಿ ಊಟ ಮಾಡಿ, ಹಾಳೆಯನ್ನು ಬೆಡ್‌ಶೀಟಿನಲ್ಲಿ ಸುತ್ತಿ ಮೋಕ್ಷಿತಾಳ ಮಡಿಲಲ್ಲಿ ಮಲಗಿಸಿ ತಂದರು. ದಾರಿಯಲ್ಲಿ ಚಹಾದಂಗಡಿಯಲ್ಲಿ ಒಬ್ಬಾಕೆ ಇಣುಕಿ, “ಗಂಡಾ ಹೆಣ್ಣಾ?” ಎಂದು ಕೇಳಿದಳು. “ಮುಟ್ಟಾಳೆ,” ಎಂದಳು ಅಕ್ಕು ಗಂಭೀರವಾಗಿ. ವರ್ಕಾಡಿ ಮುಟ್ಟುವವರೆಗೂ ಯೋಗೀಶನಿಗೆ ನಗು ತಡೆಯಲಾಗಲಿಲ್ಲ.

ಅಕ್ಕುವಿನ ದಾರದ ಅಳತೆಗೆ ಕೂದಲೆಳೆಯಷ್ಟೂ ತಪ್ಪದೆ ತುಂಗಾ ಆ ಮುಟ್ಟಾಳೆ ಹೊಲಿದಳು. ದೀಪಾವಳಿಯ ಮೇಳಕ್ಕೆ ಬಂದ್ಯೋಡಿಗೆ ಹೋದಾಗ ನೋಡಲು ಜನ ಸೇರಿದ್ದರು. ವಾಸಪ್ಪಣ್ಣ ಹೊಸ ಅಂಗಿ ಹಾಕಿ ಬಂದು ಸ್ಟೂಲಿನ ಮೇಲೆ ಕುಳಿತ. ತುಂಗಾ ಎರಡೂ ಕೈಯಿಂದ ಇಟ್ಟು ಒತ್ತಿದಳು. ಮುಟ್ಟಾಳೆ ಹಣೆಯ ಮೇಲ್ಗಡೆಯೇ ನಿಂತಿತು. ಇನ್ನೂ ಒತ್ತಿದಳು. ಅದು ಮೆಲ್ಲನೆ ಪುಟಿದು ಮೇಲಕ್ಕೆ ಬಂತು.

ಅಕ್ಕು ಕೈ ಚಾಚಿ ಅವನ ತಲೆ ಮುಟ್ಟಿದಳು. ಬೆರಳುಗಳು ಒತ್ತೊತ್ತಾದ ಗುಂಗುರು ಕೂದಲಿನಲ್ಲಿ ಹೂತುಹೋದವು.

“ಅಯ್ಯೋ ನನ್ನ ಕರ್ಮವೇ! ನಾನು ಅಳತೆ ತೆಗೆದದ್ದು ಬೋಳು ತಲೆಗೆ!”

ನೆರೆದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಎರಡು ತಿಂಗಳಿಂದ ಊರೆಲ್ಲ ಆ ತಲೆಯ ಮಾತಾಡಿತ್ತು, ಕೂದಲಿನ ನೆನಪು ಒಬ್ಬರಿಗೂ ಆಗಿರಲಿಲ್ಲ. ವಾಸಪ್ಪಣ್ಣನ ಮುಖ ಸಣ್ಣದಾಯಿತು. ಅವನು ದಡಕ್ಕನೆ ಎದ್ದು, “ಅಕ್ಕ, ಐದು ನಿಮಿಷ. ಎದುರಿಗೇ ಕ್ಷೌರದ ಅಂಗಡಿ ಉಂಟು. ಬೋಳಿಸಿಕೊಂಡು ಬರ್ತೇನೆ. ನನ್ನಿಂದಾಗಿ ನಿಮ್ಮ ವ್ಯಾಪಾರ ಹಾಳಾಗುವುದು ಬೇಡ,” ಎಂದ.

ಮೋಕ್ಷಿತಾ ಲೆಕ್ಕ ಹಾಕಿದಳು. ಐದೇ ನಿಮಿಷ! ನಲವತ್ತು ಮುಟ್ಟಾಳೆ! ಅಮ್ಮ ಹೂಂ ಎನ್ನಲಿ ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು.

“ಕೂತುಕೊಳ್ಳಿ ವಾಸಪ್ಪಣ್ಣ,” ಎಂದಳು ತುಂಗಾ. “ಟೊಪ್ಪಿಗೆ ಬೇಕಾಗಿ ತಲೆ ಬೋಳಿಸುವುದುಂಟಾ? ಮುಂದಿನ ತಿಂಗಳು ಪುನಃ ಕೂದಲು ಬಂದಾಗ ಬಿಸಿಲಿಗೆ ಎಂತ ಮಾಡ್ತೀರಿ? ಅತ್ತೆ, ದಾರ ತೆಗೆಯಿರಿ. ಕೂದಲು ಸೇರಿಸಿ ಹಿಡಿಯಿರಿ.”

ಮನೆಗೆ ಬಂದ ಮೇಲೆ ಮೋಕ್ಷಿತಾ ಚಿಂದಿ ಬಟ್ಟೆಗೆ ಸೀಮೆಎಣ್ಣೆ ಹಾಕಿಕೊಂಡು ಬೋರ್ಡಿನ ಮುಂದೆ ಕುಳಿತಳು. “ಅಮ್ಮಾ, ಕೆಳಗಿನ ಸಾಲು ನಾನೇ ಒರೆಸಿಬಿಡ್ತೇನೆ. ಆಗ ಮಾರಬಹುದಲ್ವಾ?” ಎನ್ನುವಷ್ಟರಲ್ಲಿ ಅಳು ಬಂದುಬಿಟ್ಟಿತು.

“ಒರೆಸುವುದಾದರೆ ಒರೆಸು,” ಎಂದು ತುಂಗಾ ಅವಳ ಪಕ್ಕದಲ್ಲೇ ಕಾಲು ಚಾಚಿ ಕುಳಿತಳು. “ನಾನು ಬಾಯಲ್ಲಿ ಹೇಳಿದ್ದನ್ನು ಒರೆಸಲಿಕ್ಕೆ ಯಾವ ಬಟ್ಟೆ ಉಂಟು ಹೇಳು. ಅದೂ ಅಲ್ಲದೆ, ಆ ಮನುಷ್ಯನಿಗೆ ಜನ್ಮದಲ್ಲಿ ಒಂದು ಟೊಪ್ಪಿ ಆಗಿಲ್ಲ ಮಗಾ. ಎಲ್ಲರೂ ನಗ್ತಾರೆ, ಅವನು ಅಭ್ಯಾಸ ಉಂಟು ಅಂತಾನೆ. ನೀನು ಆವತ್ತು ಅವನ ಕಣ್ಣು ನೋಡಿದ್ದಿಯಾ? ನಾನು ನೋಡಿದೆ.”

ಮೋಕ್ಷಿತಾ ನೋಡಿರಲಿಲ್ಲ. ಅವಳು ಬೀಸಣಿಗೆಯ ಹಿಂದೆ ಇದ್ದಳು.

ಮರುದಿನವೇ ತುಂಗಾ ಶ್ರೀರಂಜಿನಿ ಎಂಬವರ ಹಾಳೆ ತಟ್ಟೆಯ ಯೂನಿಟ್ಟಿಗೆ ಹೋದಳು. ಸುತ್ತಲ ತೋಟಗಳ ಅಗಲದ ಹಾಳೆಗಳೆಲ್ಲ ಈಗ ಹೋಗಿ ಬೀಳುವುದು ಅಲ್ಲಿಗೆ. ಬಿಸಿ ಅಚ್ಚಿನಲ್ಲಿ ಒತ್ತಿ ಮದುವೆಯೂಟದ ತಟ್ಟೆ ಮಾಡುತ್ತಾರೆ. “ಸಂಬಳ ಬೇಡ. ಬಂದ ಹಾಳೆಯೆಲ್ಲ ತೊಳೆದು ವಿಂಗಡಿಸಿ ಕೊಡ್ತೇನೆ. ನನಗೆ ಬೇಕಾದ ಒಂದು ಸಿಕ್ಕಿದರೆ ಅದನ್ನು ಕೊಟ್ಟುಬಿಡಿ,” ಎಂದಳು. ಶ್ರೀರಂಜಿನಿ ತಲೆಯ ಕಥೆ ಕೇಳಿದ್ದವರೇ, ನಕ್ಕು ಒಪ್ಪಿದರು.

ಬೆಳಗ್ಗೆ ಮನೆಗೆಲಸ ಮುಗಿಸಿ ಹೋದರೆ ಸಂಜೆಯವರೆಗೆ ಅವಳು ತೊಟ್ಟಿಯ ಪಕ್ಕದಲ್ಲಿ. ಹಾಳೆ ತೊಳೆದು ಬೆರಳ ತುದಿ ಬಿಳುಚಿ ಸುಕ್ಕಾಯಿತು. ಒಂದೊಂದು ಹಾಳೆಗೂ ದಾರ ಹಿಡಿಯುವಳು, ಬದಿಗಿಡುವಳು. ಒಂದು ವಾರ ಹೋಯಿತು. ಶನಿವಾರ ಮೋಕ್ಷಿತಾಳೂ ಅಕ್ಕುವೂ ಜೊತೆಗೂಡಿದರು, ಯೋಗೀಶ ಎರಡು ಟ್ರಿಪ್ಪಿನ ನಡುವೆ ಬಂದು ಹಾಳೆಯ ಹೊರೆ ಇಳಿಸಿಕೊಟ್ಟ. ಇನ್ನೊಂದು ವಾರವೂ ಹೋಗಿ ಮತ್ತೆ ಶನಿವಾರ ಬಂತು. ಟೀಚರು ಹೇಳಿದ ಗಡುವಿಗೆ ಮೂರು ದಿನ ಉಳಿದಿತ್ತು.

ಸಿಕ್ಕಿದ್ದು ತೊಟ್ಟಿಯಲ್ಲಲ್ಲ. ಊಟಕ್ಕೆಂದು ಕೈ ತೊಳೆದು ಎದ್ದ ತುಂಗಾ, ಮಗಳನ್ನು ಕರೆಯಲು ತಿರುಗಿದಾಗ ಯಂತ್ರದ ಕಡೆ ನೋಡಿದಳು. ಆಚೆ ತೊಟ್ಟಿಯಿಂದ ನೇರ ಬಂದ ಒಂದು ಹಾಳೆಯನ್ನು ಕೆಲಸದ ತೃಪ್ತಿ ಅಚ್ಚಿನ ಮೇಲೆ ಹರಡಿದ್ದಳು. ನಾಲ್ಕೂ ಕಡೆ ಅಚ್ಚನ್ನು ಮೀರಿ ಜೋತುಬಿದ್ದಿತ್ತು ಅದು. ತೃಪ್ತಿಯ ಕಾಲು ಪೆಡಲಿನ ಮೇಲಿತ್ತು.

“ಒತ್ತಬೇಡ! ತೃಪ್ತೀ, ಕಾಲು ತೆಗೆ!”

ತೃಪ್ತಿ ಬೆದರಿ ಎರಡು ಹೆಜ್ಜೆ ಹಿಂದಕ್ಕೆ ಹಾರಿದಳು. ತುಂಗಾ ಒದ್ದೆ ಕೈಯಲ್ಲಿ ಹಾಳೆ ಸೆಳೆದು ಎದೆಗೊತ್ತಿಕೊಂಡಳು. ಅಕ್ಕು ತಡವರಿಸುತ್ತ ಬಂದು ದಾರ ಹಿಡಿದಳು. ದಾರ ಮುಗಿಯಿತು, ಹಾಳೆ ಇನ್ನೂ ಎರಡು ಬೆರಳು ಉಳಿದಿತ್ತು.

“ಅದರಲ್ಲಿ ನಾಲ್ಕು ತಟ್ಟೆ ಆಗ್ತಿತ್ತು ತುಂಗಾ,” ಎಂದರು ಶ್ರೀರಂಜಿನಿ.

“ನಿಮಗೆ ನಾಲ್ಕು ತಟ್ಟೆ ಅಕ್ಕ, ನನಗೆ ಒಂದು ತಲೆ.”

ಆ ಮಧ್ಯಾಹ್ನ ಜಗಲಿಯಲ್ಲಿ ಕುಳಿತು ತುಂಗಾ ಮುಟ್ಟಾಳೆ ಹೊಲಿಯುವುದನ್ನು ಮೋಕ್ಷಿತಾ ಗಲ್ಲಕ್ಕೆ ಕೈಯೂರಿ ನೋಡಿದಳು. ಹುಟ್ಟಿದಾಗಿನಿಂದ ಕಂಡದ್ದೇ, ಆದರೆ ಹೀಗೆ ನೋಡಿರಲಿಲ್ಲ. ಅಮ್ಮ ಹಾಳೆಯನ್ನು ಬಲವಂತವಾಗಿ ಮಡಚುತ್ತಿರಲಿಲ್ಲ. ಅಂಗೈಯಿಂದ ಒತ್ತಿ, ಬಿಟ್ಟು, ಮತ್ತೆ ಒತ್ತಿ, ಅದು ತಾನಾಗಿ ಬಾಗುವವರೆಗೆ ಕಾಯುತ್ತಿದ್ದಳು. ನಿದ್ದೆಗೆಟ್ಟ ಮಗುವನ್ನು ತಟ್ಟಿದ ಹಾಗೆ. ಮಡಿಕೆ ಕುಳಿತ ಮೇಲೆ ಸೂಜಿ ಒಂದೇ ತೂತಿನಲ್ಲಿ ಹೋಗಿ ಬಂದು, ನಾರು ಬಿಗಿಯಾಗುವಾಗ ಕಿರ್ರೆಂದು ಸಣ್ಣ ಸದ್ದು. ಒಂದು ಹೊಲಿಗೆಯೂ ಇನ್ನೊಂದಕ್ಕಿಂತ ಉದ್ದವಿರಲಿಲ್ಲ. ಕತೆಗಳಲ್ಲಿ ಚಿನ್ನ ನೂಲುವವರ ಬಗ್ಗೆ ಕೇಳಿದ್ದಳು ಮೋಕ್ಷಿತಾ. ಅವರಿಗೆ ಯಾರಾದರೂ ಒಬ್ಬ ಯಕ್ಷನೋ ದೇವತೆಯೋ ಸಹಾಯಕ್ಕೆ ಬರುತ್ತಾರೆ. ಅಮ್ಮನಿಗೆ ಯಾರೂ ಬಂದಿರಲಿಲ್ಲ. ಕೊನೆಯ ಗಂಟು ಹಾಕುವಾಗ ನಾರಿನ ತುದಿ ಹಿಡಿಯಲು, “ಬಾ ಇಲ್ಲಿ, ಬಿಗಿಯಾಗಿ ಹಿಡಿ,” ಎಂದು ಅವಳನ್ನೇ ಕರೆದಳು. ಮೋಕ್ಷಿತಾ ಎರಡೂ ಕೈಯಿಂದ ಹಿಡಿದಳು.

ಒಂದು ದಿನ ನೆರಳಿನಲ್ಲಿ ಒಣಗಲು ಬಿಟ್ಟು, ಮೇಳ ಬರುವವರೆಗೆ ಕಾಯದೆ, ಅದರ ಮರುದಿನ ಬೆಳಗ್ಗೆಯೇ, ಟೀಚರ ಗಡುವಿಗೆ ಇನ್ನೂ ಒಂದು ದಿನವಿರುವಾಗಲೇ, ಯೋಗೀಶ ಜೀಪನ್ನು ಬಂದ್ಯೋಡಿಗೆ ತಿರುಗಿಸಿದ. ಹೆದ್ದಾರಿಯ ಬದಿಯಲ್ಲಿ ಟೈಲ್ಸಿನ ಲಾರಿ ನಿಂತಿತ್ತು. ವಾಸಪ್ಪಣ್ಣ ಒಂದು ಪೆಟ್ಟಿಗೆ ಇಳಿಸಿ, ಇವರನ್ನು ಕಂಡು, ಟವೆಲಿನಿಂದ ಬೆವರೊರೆಸುತ್ತ ಬಂದ. ಮುಖದಲ್ಲಿ ಆಸೆಯಿರಲಿಲ್ಲ, ಸಂಕೋಚವಿತ್ತು.

“ಪುನಃ ಯಾಕೆ ತೊಂದರೆ ತುಂಗಕ್ಕ?”

“ಬಗ್ಗಿ ವಾಸಪ್ಪಣ್ಣ.”

ಅವನು ಬಗ್ಗಿದ. ಲಾರಿಯ ಮೇಲಿದ್ದವರು ಕೆಲಸ ನಿಲ್ಲಿಸಿ ನೋಡಿದರು. ಈ ಸಲ ತುಂಗಾ ಒತ್ತಲಿಲ್ಲ, ಇಟ್ಟು ಕೈ ತೆಗೆದಳು ಅಷ್ಟೆ. ಮುಟ್ಟಾಳೆ ಗುಂಗುರು ಕೂದಲಿನ ಮೇಲೆ ಇಳಿದು, ಕಿವಿಯ ಮೇಲ್ಗಡೆ ಬಂದು, ಕುಳಿತಿತು.

“ಮುಡಿ ಕೊಟ್ಟ ತಿಂಗಳು ಸಡಿಲಾದರೆ ಒಳಗೆ ಟವೆಲು ಸುತ್ತಿಕೋ ಮಗಾ,” ಎಂದಳು ಅಕ್ಕು ಜೀಪಿನೊಳಗಿಂದ.

ಯಾರೂ ನಗಲಿಲ್ಲ. ಮೋಕ್ಷಿತಾ ಈ ಬಾರಿ ಅವನ ಕಣ್ಣನ್ನೇ ನೋಡುತ್ತಿದ್ದಳು. ವಾಸಪ್ಪಣ್ಣ ಒಂದು ಕೈಯೆತ್ತಿ ಅಂಚು ಮುಟ್ಟಿ ನೋಡಿದ. ಎಡಕ್ಕೆ ತಿರುಗಿದ, ಬಲಕ್ಕೆ ತಿರುಗಿದ. ಆಮೇಲೆ ಚಿಕ್ಕ ಮಕ್ಕಳು ‘ಇಲ್ಲ ಇಲ್ಲ’ ಎನ್ನುವಾಗ ಆಡಿಸುವ ಹಾಗೆ ತಲೆಯನ್ನು ಜೋರಾಗಿ ಆಡಿಸಿದ.

ಮುಟ್ಟಾಳೆ ಅಲುಗಲಿಲ್ಲ.