ಕೂಸಿನ ಹೃದಯ ನೋಡಿದ ದಿನ

ಕಾಗವಾಡದ ಅಕ್ಕುತಾಯಿಗೆ ಸಕ್ಕರೆ ಕಾಯಿಲೆ ಇದೆಯೆಂದು ತಿಳಿದಾಗ ಅವಳು ಬಸುರಿಯಾಗಿ ಎರಡು ತಿಂಗಳು ದಾಟಿತ್ತು.

"ಕೂಸಿನ ಹೃದಯ, ಬೆನ್ನಹುರಿ ತಯಾರಾಗೂದು ಈ ಮೊದಲಿನ ದಿನದಾಗರಿ. ತಾಯಿ ರಕ್ತದಾಗ ಸಕ್ಕರಿ ಭಾಳ ಇದ್ರ ಅವು ಸರಿಯಾಗಿ ಕೂಡಾಂಗಿಲ್ಲ ಒಮ್ಮೊಮ್ಮೆ," ಎಂದರು ಮಿರಜದ ಡಾಕ್ಟರಬಾಯಿ. "ಐದನೇ ತಿಂಗಳಿಗೆ ಸ್ಕ್ಯಾನ್ ಮಾಡಿ ನೋಡೋಣು. ಅಲ್ಲೀತನಾ ದಿನಾ ಸಕ್ಕರಿ ಇಳಸೂ ಇನ್ಸುಲಿನ್ ಇಂಜೆಕ್ಷನ್ ತಪ್ಪಸಬ್ಯಾಡ."

ಅಕ್ಕುತಾಯಿ ಒಂದು ದಿನವೂ ತಪ್ಪಿಸಲಿಲ್ಲ. ಸೊಸೆಯ ಜೊತೆಗೆಂದು ಅತ್ತೆ ಕಮಲಾಬಾಯಿಯೂ ಸಕ್ಕರೆ ಬಿಟ್ಟು, ದಿನಾ ಮುಖ ಹಿಂಡಿಕೊಂಡು ಚಹಾ ಕುಡಿದಳು.

ತೊಂಬತ್ತಮೂರರ ಫೆಬ್ರುವರಿಯಲ್ಲಿ ಇಬ್ಬರೂ ಮಿರಜಕ್ಕೆ ಹೋದರು. ಹೊಟ್ಟೆಗೆ ತಣ್ಣನೆಯ ಜೆಲ್ಲಿ ಹಚ್ಚಿದ್ದೇ ತಡ, ಅಕ್ಕುತಾಯಿಗೆ ಕಚಗುಳಿಯಾಗಿ ಕಿಸಕ್ಕನೆ ನಗು.

"ನಗಬ್ಯಾಡವಾ, ಕೂಸು ಕುಣಿಯಾಕತ್ತೈತಿ!" ಎಂದರು ಡಾಕ್ಟರಬಾಯಿ.

ಆಮೇಲೆ ಪರದೆಯತ್ತ ಬಾಗಿ ಕೂಸಿನ ಹೃದಯವನ್ನು ಹುಡುಕತೊಡಗಿದರು. ಕಮಲಾಬಾಯಿ ಸೊಸೆಯ ಕೈ ಹಿಡಿದಳು.

"ನೋಡ್ರಿ, ಹೃದಯಕ್ಕ ನಾಕ ಖೋಲಿ. ನಾಕೂ ಛಲೋ ಅದಾವ. ನಡುವಿನ ಗ್ವಾಡ್ಯಾಗ ತೂತಿಲ್ಲ. ಬೆನ್ನೂ ಸರಿ ಐತಿ."

"ಯವ್ವಾ! ನಮ್ಮ ಮನ್ಯಾಗ ಮೂರ ಖೋಲಿ. ಇದು ನಾಕ ಕಟ್ಟಿಸ್ಕೊಂಡು ಬರಾಕತ್ತೈತಲ್ರಿ!" ಎಂದಳು ಕಮಲಾಬಾಯಿ. ಡಾಕ್ಟರಬಾಯಿಯೂ ನಕ್ಕರು.

ಬಸ್ಸಿನಲ್ಲಿ ಕಮಲಾಬಾಯಿಯ ಬಾಯಿ ನಿಲ್ಲಲಿಲ್ಲ. ಕಂಡಕ್ಟರನಿಗೆ ಹೇಳಿದಳು, ಮರಾಠಿಯಲ್ಲಿ ಮುಂದಿನ ಸೀಟಿನವಳಿಗೆ ಹೇಳಿದಳು. ಆಕೆ ಖುಷಿಯಿಂದ ದ್ರಾಕ್ಷಿ ಗೊಂಚಲು ಚಾಚಿದಾಗ ಅಕ್ಕುತಾಯಿ ತಲೆಯಾಡಿಸಿದಳು. "ಆಕಿದೂ ನಾನೇ ತಿಂತೀನಿ ತರ್ರಿ," ಎಂದು ಅತ್ತೆ ಇಡೀ ಗೊಂಚಲು ಮುಗಿಸಿದಳು. ಬಸ್ಸೆಲ್ಲ ನಕ್ಕಿತು.

ಇಬ್ಬರೂ ಮನೆ ಮುಟ್ಟುತ್ತಲೇ ತೋಟದಿಂದ ಓಡಿಬಂದ ಅಕ್ಕುತಾಯಿಯ ಗಂಡ ಧರಣೇಂದ್ರ ಏದುಸಿರಿನಲ್ಲೇ ಕೇಳಿದ, "ಗಂಡೋ ಹೆಣ್ಣೋ?"

"ಅದನ್ಯಾಂವ ಕೇಳಾಂವ? ಹೃದಯ ಛಲೋ ಐತಿ!" ಎಂದಳು ಅಕ್ಕುತಾಯಿ. ಅವನು ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತು ನಗತೊಡಗಿದ, ನಗುನಗುತ್ತಲೇ ಕಣ್ಣೊರೆಸಿಕೊಂಡ.

ಜೂನಿನಲ್ಲಿ ಮಿರಜದ ಆಸ್ಪತ್ರೆಯಲ್ಲಿ ಹೆಣ್ಣು ಹುಟ್ಟಿತು, ನಾಲ್ಕು ಕಿಲೋ ತೂಕ, ಗುಂಡಗಿನ ಗಲ್ಲ.

"ಎಷ್ಟ ಗಟ್ಟಿಮುಟ್ಟ ಐತಿ!" ಎಂದು ಕಮಲಾಬಾಯಿ ಕುಣಿದಳು.

"ತಾಯಿ ರಕ್ತದಾಗಿನ ಸಕ್ಕರಿ ಉಂಡ ದಪ್ಪ ಆಗೈತ್ರಿ ಇದು. ಈಗ ಆ ಸಕ್ಕರಿ ನಿಂತೈತಿ, ಇದರ ರಕ್ತದಾಗ ಒಮ್ಮೆಲೇ ಇಳೀತೈತಿ," ಎನ್ನುತ್ತ ಡಾಕ್ಟರಬಾಯಿ ಹಿಮ್ಮಡಿಗೆ ಸೂಜಿ ಚುಚ್ಚಿ ಪರೀಕ್ಷಿಸಿದರು. ಇಳಿದಿತ್ತು. ತಡಮಾಡದೆ ಹಾಲು ಕುಡಿಸಿದರು, ಮತ್ತೆ ಚುಚ್ಚಿದರು, ಮತ್ತೆ ಕುಡಿಸಿದರು. ಸಂಜೆಯ ಹೊತ್ತಿಗೆ, "ಇನ್ನ ಅಂಜಿಕಿ ಇಲ್ಲ," ಎಂದರು.

ಹೊಟ್ಟೆ ತುಂಬಿದ ಮಗಳಿಗೆ ಬಿಕ್ಕಳಿಕೆ ಹತ್ತಿತು. ಒಂದೊಂದು ಬಿಕ್ಕಿಗೂ ಅವಳು ಕಣ್ಣರಳಿಸಿ ತಾಯಿಯನ್ನೇ ನೋಡುತ್ತಿದ್ದಳು. ಹೆರಿಗೆಯಲ್ಲಿ ಹಾಕಿದ ಹೊಲಿಗೆ ನೋಯುತ್ತಿದ್ದರೂ ಅಕ್ಕುತಾಯಿಗೆ ನಗು ತಡೆಯಲಾಗಲಿಲ್ಲ.