ತುಕ್ಕು ಬಳಿದ ಒಲೆ

ಗಂಡ ವೆದಾದನನ್ನು ಮಣ್ಣು ಮಾಡಿದ ಮರುದಿನ ಬೆಳಿಗ್ಗೆ ನೆಯ್ರಾ ಮನೆ ಗುಡಿಸಿದಳು. ಸಾವಿನ ಮನೆಗೆಂದು ಬಂದುಹೋದವರು ಕೊಟ್ಟ ಕಾಫಿಪುಡಿ, ಸಕ್ಕರೆ ಪೊಟ್ಟಣಗಳಿಂದ ಅಡುಗೆಮನೆ ಕಿರಾಣಿ ಅಂಗಡಿಯಂತಾಗಿತ್ತು. ಅಳು ಬರಲಿಲ್ಲ. ಬರಲೆಂದು ಕಾಯಲೂ ಇಲ್ಲ.

ದಫನದ ಹೊತ್ತಿನಲ್ಲಿ ಇಮಾಮರು ರೂಢಿಯಂತೆ ನೆರೆದವರನ್ನು ಕೇಳಿದ್ದರು: ಇವನ ಋಣ ಬಿಟ್ಟುಕೊಟ್ಟಿರಾ? ಗಂಡಸರೆಲ್ಲ ಮೂರು ಸಲ ‘ಹಲಾಲ್’, ಬಿಟ್ಟುಕೊಟ್ಟೆವು, ಎಂದಿದ್ದರು. ಹೆಂಗಸರು ಅಲ್ಲಿಗೆ ಹೋಗುವುದಿಲ್ಲ. ಹಾಗಾಗಿ ಮೇಲಿನ ಮನೆಯ ಶೆಫಿಕಾ ಅಜ್ಜಿ ಆ ಮಾತು ಹೇಳಿರಲಿಲ್ಲ. ಅಜ್ಜಿಯ ಒಲೆಯೋ, ಇನ್ನೂ ಶೂಟಿಂಗ್ ನಡೆಯುವಲ್ಲೇ ಇತ್ತು.

ಸಿನಿಮಾಗಳಿಗೆ ಹಳೆಯ ಸಾಮಾನು ಹೊಂದಿಸಿಕೊಡುವುದು ವೆದಾದನ ಕೆಲಸ. ಸರಾಯೆವೊದ ಮುತ್ತಿಗೆಯ ಚಳಿಗಾಲದಲ್ಲಿ ಅಜ್ಜಿಯ ಗಂಡ ವಾಷಿಂಗ್ ಮಷೀನಿನ ತಗಡು ಬಿಚ್ಚಿ ಮಾಡಿದ ಒಲೆ ಅದು. ವೆದಾದ್ ಅದನ್ನು ಒಂದು ವಾರಕ್ಕೆಂದು ಕೇಳಿ ಒಯ್ದಿದ್ದ. ಋಣದ ಮಾತುಗಳಲ್ಲಿ ನೆಯ್ರಾಗೆ ನಂಬಿಕೆಯಿರಲಿಲ್ಲ, ವೆದಾದನಿಗಿತ್ತು. ಅವಳು ಕೋಟು ಹಾಕಿಕೊಂಡು ಹೊರಟಳು.

ಸೆಟ್ಟಿನಲ್ಲಿ ನಾಯಕಿ ಒಲೆಯ ಮುಂದೆ ಕೂತು ಪ್ರೇಮಪತ್ರಗಳನ್ನು ಒಂದೊಂದಾಗಿ ಸುಡುತ್ತಿದ್ದಳು. ಮೂರು ವರ್ಷ ಮುತ್ತಿಗೆಯಲ್ಲಿದ್ದ ಹೆಣ್ಣಿನ ಉಗುರುಗಳು ಮದುಮಗಳ ಉಗುರಿನಂತೆ ಹೊಳೆಯುತ್ತಿದ್ದವು.

ನಿರ್ದೇಶಕ ಗೋರ್ದಾನ್ ಓಡಿಬಂದು ನೆಯ್ರಾಳ ಕೈ ಹಿಡಿದುಕೊಂಡ. "ನೆಯ್ರಾ, ಏನ್ ಹೇಳ್ಲಮ್ಮ! ಈ ಚಿತ್ರಾನ ಅವನಿಗೇ ಅರ್ಪಿಸ್ತೀನಿ."

"ಅದನ್ನ ನೀವೇ ಇಟ್ಕೊಳ್ಳಿ. ಒಲೆ ಕೊಡಿ."

"ಇನ್ನೆರಡೇ ದಿನ. ಈ ಪತ್ರದ ದೃಶ್ಯಕ್ಕೆ ಥಿಯೇಟರೇ ಅಳತ್ತೆ, ನೋಡ್ತಿರು."

"ಮುತ್ತಿಗೇಲಿ ನಾವು ಚಪ್ಪಲಿ ಸುಟ್ವಿ ಸಾರ್. ಮೊದಲು ಅಪ್ಪನದು, ಆಮೇಲೆ ನಂದು."

"ಚಪ್ಪಲಿ ಸುಟ್ರೆ ಯಾರಮ್ಮ ಅಳ್ತಾರೆ?"

"ನಾವು ಅತ್ವಲ್ಲ. ಹೊಗೆಗೆ."

ಯಾರೋ ಕಿಸಕ್ಕೆಂದರು. ಗೋರ್ದಾನನ ಮುಖ ಬಿಗಿಯಿತು. ಎರಡು ದಿನ ಬಿಟ್ಟು ಬಾ ಎಂದು ಬೆನ್ನು ತಿರುಗಿಸಿದ. ನೆಯ್ರಾ ನೇರ ಬೆಳಕಿನೊಳಕ್ಕೆ ನಡೆದು, ಉರಿಯುತ್ತಿದ್ದ ಪತ್ರಗಳ ಮೇಲೆ ನಾಯಕಿಯ ಚಹಾ ಸುರಿದಳು. ಕೋಟು ಬಿಚ್ಚಿ ಒಲೆಗೆ ಸುತ್ತಿ ಎತ್ತಿಕೊಂಡಳು. ಹಿಂದಿನ ದಿನವಷ್ಟೇ ಗಂಡನನ್ನು ಕಳಿಸಿಬಂದವಳನ್ನು ತಡೆಯಲು ಯಾರಿಗೂ ಮುಖವಿರಲಿಲ್ಲ. ಅಷ್ಟರಮಟ್ಟಿಗೆ ಅವರ ಕರುಣೆಯೂ ಪ್ರಯೋಜನಕ್ಕೆ ಬಂತು.

ಬಾಗಿಲು ತೆರೆದ ಶೆಫಿಕಾ ಅಜ್ಜಿ ಒಲೆಯನ್ನು ಸುತ್ತಲೂ ನೋಡಿದಳು. "ಇದೇನೇ ಹುಡುಗಿ! ಇಪ್ಪತ್ತೈದು ವರ್ಷ ಒರೆಸಿಟ್ಟಿದ್ದೆ. ತುಕ್ಕು ಹಿಡಿಸಿದಾರಲ್ಲೇ!"

"ಬಣ್ಣ ಅಜ್ಜಿ. ಹೊಳೀತಿದ್ರೆ ಯುದ್ಧದ್ದು ಅಂತ ಯಾರೂ ನಂಬಲ್ವಂತೆ."

"ನಂಬದಿದ್ರೆ ಅವರ ಮನೆ ಹಾಳಾಗ್ಲಿ!"

ನೆಯ್ರಾ ಕೆಳಗೆ ತನ್ನ ಬಚ್ಚಲಿನಲ್ಲಿ ಕುಕ್ಕರಗಾಲಲ್ಲಿ ಕೂತು ತಂತಿನಾರಿನಿಂದ ಉಜ್ಜಿದಳು. ಕೆಂಪು ನೀರು ಹರಿದುಹೋಗಿ ಬಿಳಿಯ ತಗಡು ಕಾಣಿಸತೊಡಗಿತು. ಒರೆಸಿ ಮೇಲೆ ತಂದು ಬಾಗಿಲಲ್ಲಿ ಅಜ್ಜಿಯ ಕಾಲ ಬಳಿ ಇಟ್ಟು, ಕೇಳಬೇಕಾದದ್ದನ್ನು ಕೇಳಲಾಗದೆ ನಿಂತಳು.

ಅಜ್ಜಿ ಒಲೆಯ ಬಾಗಿಲನ್ನು ಎರಡು ಸಲ ತೆಗೆದು ಹಾಕಿ ನೋಡಿದಳು.

"ಹಲಾಲ್ ಅವನಿಗೆ," ಎಂದಳು. "ಒಳಗೆ ತಂದಿಡು, ಭಾರ ಇದೆ."